ಹೆಬ್ಬೆರಳಿನ ಸುಣ್ಣ

ಆಗಸ್ಟ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನಾನು ಹೆಮ್ಮಿಗೆಯ ನಾಲೆ ಏರಿಯ ಮೇಲೆ ತೂಬಿನ ಪಕ್ಕದಲ್ಲಿ ನಿಂತಿದ್ದೆ. ಎಡಗಡೆ ನಾಲೆ ತುಂಬಿ ಹರಿಯುತ್ತಿತ್ತು. ಬಲಗಡೆ ತಗ್ಗಿನಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರದ ಗದ್ದೆಯಲ್ಲಿ, ನಾಟಿ ನಡೆಯುತ್ತಿತ್ತು. ನಾನು ತಿ. ನರಸೀಪುರ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯ. ಡೆಂಗ್ಯೂ ಕಾಲವಾದ್ದರಿಂದ ನಿಂತ ನೀರಿನಲ್ಲಿ ಸೊಳ್ಳೆ ಮರಿ ಇದೆಯೇ ಎಂದು ನೋಡಲು ನಮ್ಮ ಕೇಂದ್ರದ ಹಿರಿಯ ಶುಶ್ರೂಷಕಿಯ ಜೊತೆ ಬಂದಿದ್ದೆ. ಎಲ್ಲರಂತೆ ನಾನೂ ಅವರನ್ನು ಸಿಸ್ಟರ್ ಎಂದೇ ಕರೆಯುತ್ತೇನೆ. ನಂಜನಗೂಡಿನ ಹತ್ತಿರದ ಕಳಲೆ ಊರಿನವರು, ಐವತ್ತು ದಾಟಿದವರು.

ಇಷ್ಟನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ಬರೆಯುವುದನ್ನು ನಾನು ಯಾರಿಂದಲೋ ಕೇಳಿದ್ದಲ್ಲ. ನನ್ನ ಕಣ್ಣೆದುರು ಆದದ್ದು.

ಗದ್ದೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಬಗ್ಗಿ ಪೈರು ನೆಡುತ್ತ ಹಿಂದಕ್ಕೆ ಸರಿಯುತ್ತಿದ್ದರು. ಬದುವಿನ ಕಡೆಯ ತುದಿಯಲ್ಲಿದ್ದವರು ತಂಡದ ಮುಖ್ಯಸ್ಥೆ. ಊರಿನವರು ಅವರನ್ನು ಮೇಸ್ತ್ರಮ್ಮ ಎನ್ನುತ್ತಾರೆ. ಸಾಲಿನ ವೇಗವನ್ನು ನಿಶ್ಚಯಿಸುವುದು ತುದಿಯಲ್ಲಿರುವವರ ಕೈ. ಅವರು ಸರಿದಷ್ಟು ಉಳಿದವರು ಸರಿಯಬೇಕು. ಮೇಸ್ತ್ರಮ್ಮ ಒಮ್ಮೆ ಎದ್ದು ನಿಂತು ಪಕ್ಕೆ ಹಿಡಿದುಕೊಂಡರು. ಮತ್ತೆ ಬಗ್ಗಿದರು. ಎರಡು ಬುಡ ಪೈರು ನೆಟ್ಟಿರಬಹುದು, ಹಾಗೆಯೇ ಕೆಸರಿನಲ್ಲಿ ಕುಳಿತುಬಿಟ್ಟರು. ಬಿಸಿಲು ಚುರುಗುಟ್ಟುತ್ತಿತ್ತು. ಅವರು ನಡುಗುತ್ತಿದ್ದರು. ಹಲ್ಲು ಕಟಕಟಿಸುವ ಸದ್ದು ಕೇಳುವಷ್ಟು ಹತ್ತಿರಕ್ಕೆ ನಾನು ಇಳಿದು ಹೋಗುವಾಗಲೂ ಸಾಲು ನಿಂತಿರಲಿಲ್ಲ. ನಿಲ್ಲಬಾರದೆಂದು ಅವರೇ ಹೇಳುತ್ತಿದ್ದರು.

“ಸಾಲು ಮುರೀಬ್ಯಾಡಿ ಕಣ್ರವ್ವಾ. ನಂಗೇನಾಗಿಲ್ಲ. ಬಿಸ್ಲು ಅಷ್ಟೆ.”

ಜೀಪಿನಲ್ಲಿ ಕೇಂದ್ರಕ್ಕೆ ತಂದೆವು. ಜ್ವರ ನೂರಾ ಮೂರು ದಾಟಿತ್ತು, ರಕ್ತದೊತ್ತಡ ಇಳಿದಿತ್ತು. ಬೆನ್ನಿನ ಬಲ ಪಕ್ಕೆಯನ್ನು ಮುಟ್ಟಿದರೆ ನರಳುತ್ತಿದ್ದರು. ಮೂತ್ರಕೋಶದ ಸೋಂಕು ಮೇಲೇರಿ ಮೂತ್ರಪಿಂಡಕ್ಕೆ, ಅಲ್ಲಿಂದ ರಕ್ತಕ್ಕೆ ಹೋದಾಗ ಹೀಗಾಗುತ್ತದೆ. ಮೊದಲು ಮೂತ್ರದ ಮಾದರಿ ತೆಗೆದು, ಆಮೇಲೆ ಡ್ರಿಪ್ ಹಾಕಿ ಮೊದಲ ಇಂಜೆಕ್ಷನ್ ಕೊಟ್ಟು, ಆಂಬ್ಯುಲೆನ್ಸಿಗೆ ಹೇಳಿದೆ. ಆಂಬ್ಯುಲೆನ್ಸ್ ಬರುವ ತನಕ ಅವರ ಮಣಿಕಟ್ಟು ಹಿಡಿದು ನಿಂತಿದ್ದೆ. ಒಂದು ಹಂತದಲ್ಲಿ ನಾಡಿ ನನ್ನ ಬೆರಳಿಗೆ ಸಿಗಲಿಲ್ಲ. ಮತ್ತೆ ಸಿಕ್ಕಿತು. ಆ ನಡುವಿನ ಹೊತ್ತು ಎಷ್ಟಿತ್ತೆಂದು ಈಗಲೂ ಹೇಳಲಾರೆ. ಈ ಕೆಲಸದಲ್ಲಿ ಸಾವು ನೋಡಿಲ್ಲವೆಂದಲ್ಲ. ಆದರೆ ಕೆಲಸ ನಿಲ್ಲಿಸಬೇಡಿ ಎನ್ನುತ್ತ ಕೆಸರಿನಲ್ಲಿ ಕುಳಿತವರನ್ನು ನೋಡಿರಲಿಲ್ಲ.

ಕಾಲು ಬೆಚ್ಚಗಿದೆಯೋ ತಣ್ಣಗಿದೆಯೋ ನೋಡಲು ಸಿಸ್ಟರ್ ಒದ್ದೆ ಬಟ್ಟೆಯಲ್ಲಿ ಅವರ ಪಾದದ ಕೆಸರು ಒರೆಸುತ್ತಿದ್ದರು. ಎರಡೂ ಹೆಬ್ಬೆರಳಿನ ಉಗುರಿನ ಅಂಚಿನಲ್ಲಿ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು. ಒರೆಸಿದರೂ ಹೋಗಲಿಲ್ಲ. ಏನದು ಎಂದು ಕೇಳಿದೆ.

“ಸುಣ್ಣ ಸಾರ್,” ಎಂದರು ಸಿಸ್ಟರ್. “ಉರಿಮೂತ್ರಕ್ಕೆ ಹೆಬ್ಬೆರಳಿಗೆ ಸುಣ್ಣ ಹಚ್ತಾರಲ್ಲ, ಉಷ್ಣ ಇಳೀಲಿ ಅಂತ.”

ನಮ್ಮ ಮನೆಯಲ್ಲೂ ಅಜ್ಜಿ ಹಚ್ಚುತ್ತಿದ್ದುದು ನೆನಪಿಗೆ ಬಂತು. ಆದರೆ ಇದು ನಿನ್ನೆ ಹಚ್ಚಿದ ಸುಣ್ಣವಲ್ಲ. ಪದರ ಪದರವಾಗಿ ಕೂತಿತ್ತು. ಎಷ್ಟೋ ತಿಂಗಳ ಉರಿ ಅಲ್ಲಿತ್ತು.

ಮೇಸ್ತ್ರಮ್ಮ ಉಳಿದರು. ದೊಡ್ಡ ಆಸ್ಪತ್ರೆಯಲ್ಲಿ ಒಂದು ವಾರಕ್ಕೂ ಮೇಲೆ ಇದ್ದು ಮನೆಗೆ ಬಂದರು. ಅಷ್ಟರಲ್ಲಿ, ರೋಗಾಣು ಬೆಳೆಸಿ ನೋಡುವ ಮೂತ್ರದ ಕಲ್ಚರ್ ವರದಿ ಬಂದಿತ್ತು. ರೋಗಾಣು ಬೆಳೆದಿತ್ತು, ಮತ್ತು ಉರಿಮೂತ್ರಕ್ಕೆಂದು ನಮ್ಮ ಕಡೆಯ ಅಂಗಡಿಗಳಲ್ಲಿ ಕೇಳಿದ ಕೂಡಲೇ ಕೊಡುವ ಮಾತ್ರೆಗೆ ಅದು ಬಗ್ಗುತ್ತಿರಲಿಲ್ಲ. ಒಂದು ಮಾತ್ರೆಯನ್ನು ಸೋಂಕು ಅಷ್ಟು ಚೆನ್ನಾಗಿ ಪಳಗಿಸಿಕೊಳ್ಳಬೇಕಾದರೆ ಅದನ್ನು ಯಾರೋ ಅರೆಬರೆಯಾಗಿ, ಮತ್ತೆ ಮತ್ತೆ ತಿಂದಿರಬೇಕು. ಅದನ್ನು ಕೇಳಿ ತಿಳಿಯಲು ಒಂದು ಸಂಜೆ ಸಿಸ್ಟರ್ ಜೊತೆ ಅವರ ಮನೆಗೆ ಹೋದೆ.

ಜಗಲಿಯ ಮೇಲೆ ಚಾಪೆ ಹಾಸಿದರು. ಡಾಕ್ಟರು ಬಂದಿದ್ದಾರೆಂದು ತಂಡದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಕೂತರು. ಗದ್ದೆಯಿಂದ ಬಂದು ಕೈಕಾಲು ತೊಳೆದಿದ್ದರು. ನಾನು ಕೇಳಿದ ಪ್ರಶ್ನೆಗೆಲ್ಲ ಯಾರಿಗೂ ಏನೂ ಇಲ್ಲ ಎಂಬ ಉತ್ತರ ಬಂತು. ಗಂಡಸಿನ ಎದುರು ಅದಲ್ಲದೆ ಇನ್ನೇನು ಬರಬೇಕು? ತಲೆ ತಗ್ಗಿಸಿಕೊಂಡೆ. ತಗ್ಗಿಸಿದಾಗ ಚಾಪೆಯಂಚಿನಲ್ಲಿ ಸಾಲಾಗಿ ಚಾಚಿದ ಕಾಲುಗಳು ಕಂಡವು. ಮೇಸ್ತ್ರಮ್ಮನ ಹೆಬ್ಬೆರಳು ಬೆಳ್ಳಗಿತ್ತು. ಅವರ ಪಕ್ಕದವರದ್ದೂ ಬೆಳ್ಳಗಿತ್ತು. ಅದರಾಚೆಯವರದ್ದು, ಅದರಾಚೆಯವರದ್ದು. ಎಳೆಯ ಹೆಂಗಸರ ಬೆರಳುಗಳಲ್ಲಿ ಇರಲಿಲ್ಲ. ಕೂದಲು ನರೆತವರ ಬೆರಳುಗಳಲ್ಲಿ ಹೆಚ್ಚು ಕಡಿಮೆ ಎಲ್ಲದರಲ್ಲೂ ಇತ್ತು.

ನಾನು ಸಿಸ್ಟರ್ ಮುಖ ನೋಡಿದೆ. ಅವರೂ ಅದನ್ನೇ ನೋಡುತ್ತಿದ್ದರು. ನಾನು ಎದ್ದು, ಒಂದು ಫೋನ್ ಮಾಡಬೇಕೆಂದು ಹೇಳಿ ಬೀದಿಗೆ ಇಳಿದೆ. ಬೀದಿಯ ಆ ಬದಿಯ ಕಟ್ಟೆಯ ಮೇಲೆ ಕೂತು ಕಾದೆ. ಆಮೇಲೆ ನಗು ಕೇಳಿತು. ಸಿಸ್ಟರ್ ತಮ್ಮದನ್ನೇ ಮೊದಲು ಹೇಳಿಕೊಂಡರಂತೆ: ಮುಟ್ಟು ನಿಂತ ಮೇಲೆ ತಾನೂ ಕೆಮ್ಮಿದರೆ ಕಾಲು ಕತ್ತರಿ ಹಾಕಿಕೊಳ್ಳುವುದು, ನಂಜನಗೂಡಿನ ಬಸ್ಸು ಹತ್ತುವ ಮೊದಲು ಒಂದಕ್ಕೆ, ಇಳಿದ ಮೇಲೆ ಒಂದಕ್ಕೆ, ಬಸ್ಸಿನ ಒಳಗೆ ದೇವರ ಧ್ಯಾನ.

ಹೊತ್ತು ಮುಳುಗುವ ಹೊತ್ತಿಗೆ ಸಿಸ್ಟರ್ ಹೊರಬಂದು ವಿಷಯ ಹೇಳಿದರು. ಬೆಳಿಗ್ಗೆ ಗದ್ದೆಗೆ ಇಳಿದರೆ ಊಟದ ತನಕ ಯಾರೂ ನೀರು ಕುಡಿಯುವುದಿಲ್ಲ. ಕುಡಿದರೆ ಒಂದಕ್ಕೆ ಹೋಗಬೇಕು. ಹೋಗಲು ಮರೆಯಿಲ್ಲ, ಏರಿಯ ಮೇಲೆ ಟ್ರ್ಯಾಕ್ಟರು, ಬೈಕು. ಜೊತೆಗೆ ಗುತ್ತಿಗೆ ನಾಟಿ. ಒಬ್ಬರು ಎದ್ದರೆ ಸಾಲು ಮುರಿಯುತ್ತದೆ, ಆ ಜಾಗ ಉಳಿದವರು ತುಂಬಬೇಕು. ಆದ್ದರಿಂದ ಊಟದ ತನಕ ಯಾರೂ ಏಳಬಾರದು ಎಂಬುದು ತಂಡದ ಕಟ್ಟಳೆ. ಕಟ್ಟಳೆ ಮಾಡಿದವರು ಮೇಸ್ತ್ರಮ್ಮನೇ. ಆಗ ಅವರಿಗೆ ಮೂವತ್ತು ಇದ್ದಿರಬೇಕು, ಮೂತ್ರಕೋಶ ಹೇಳಿದ ಮಾತು ಕೇಳುತ್ತಿತ್ತು. ಉರಿ ಶುರುವಾದಾಗ ಸುಣ್ಣ. ಸುಣ್ಣಕ್ಕೆ ಇಳಿಯದಿದ್ದರೆ ಅಂಗಡಿಯ ಮಾತ್ರೆ. ಒಂದು ಪಟ್ಟಿ ತಂದರೆ ಯಾರ್‍ಯಾರಿಗೆ ಉರಿಯೋ ಅವರೆಲ್ಲ ಮುರಿದು ಅರ್ಧರ್ಧ ಹಂಚಿಕೊಳ್ಳುತ್ತಿದ್ದರು, ಎಲೆ ಅಡಿಕೆ ಹಂಚಿಕೊಂಡಂತೆ. ಒಳಗೆ ಒಣಗಿ ನವೆಯಾಗುತ್ತದೆಂದು ಕ್ಷೌರದ ಗಾಯಕ್ಕೆ ಉಜ್ಜುವ ಪಟಕ ಕರಗಿಸಿದ ನೀರಿನಲ್ಲಿ ತೊಳೆದುಕೊಳ್ಳುತ್ತಿದ್ದರು. ಪಟಕ ಇನ್ನಷ್ಟು ಒಣಗಿಸುವ ವಸ್ತು.

ಮಾರನೆಯ ವಾರ ಮೇಸ್ತ್ರಮ್ಮನ ತಮ್ಮ ಕೇಂದ್ರಕ್ಕೆ ಬಂದರು. ಹಾಲಿನ ಡೇರಿಯಲ್ಲಿ ಕೆಲಸ, ಅಕ್ಕನ ಮೇಲೆ ಪ್ರಾಣ. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪರಿಚಯದವರೊಬ್ಬರನ್ನು ಕೇಳಿ ಅಕ್ಕನ ಗರ್ಭಕೋಶ ತೆಗೆಸಲು ದಸರಾ ಮುಗಿದ ಮೇಲಿನ ಒಂದು ದಿನ ಗೊತ್ತು ಮಾಡಿ ಬಂದಿದ್ದರು. ಸರ್ಕಾರದ ಯೋಜನೆಯಲ್ಲಿ ಆಗಬೇಕಾದರೆ ನಮ್ಮಿಂದ ಶಿಫಾರಸು ಚೀಟಿ ಬೇಕಿತ್ತು.

“ಒಂದು ಸೈನ್ ಹಾಕ್ಬುಡಿ ಸಾ. ಕಿತ್ತಾಕುದ್ರೆ ರೋಗ ಬೇರ್ ಸಮೇತ ಓಯ್ತದೆ,” ಎಂದರು.

ಅಕ್ಕನ ಹೊಟ್ಟೆಯನ್ನು ಅಲ್ಲಿ ಯಾರಾದರೂ ಪರೀಕ್ಷೆ ಮಾಡಿದರೇ ಎಂದು ಕೇಳಿದೆ. ಇಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯೇ? ಅದನ್ನು ತಮ್ಮ ಹೇಗೆ ತಾನೇ ಕೇಳಿಯಾರು. ಮೇಸ್ತ್ರಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವರ ಮನಸ್ಸೂ ಅದೇ ಆಗಿತ್ತು. ಇನ್ನೊಂದು ಸಲ ಕೆಸರಿನಲ್ಲಿ ಬಿದ್ದರೆ ಏಳುವುದಿಲ್ಲ ಎಂಬ ಭಯ ಅವರಿಗೆ ಹೊಕ್ಕಿತ್ತು. ಶಸ್ತ್ರಚಿಕಿತ್ಸೆಯಾದರೆ ತಿಂಗಳುಗಟ್ಟಲೆ ಬಗ್ಗುವಂತಿಲ್ಲ, ತಂಡ ಬೇರೆಯವರ ಕೈಗೆ ಹೋಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವರು ಕಟ್ಟಿಕೊಂಡದ್ದು ಆ ತಂಡ. ಜೀವ ಉಳಿಯಲಿ ಎಂದು ಅದನ್ನೂ ಬಿಡಲು ಸಿದ್ಧರಾಗಿದ್ದರು. ನನ್ನನ್ನು ಕಾಡಿದ್ದು, ಬಿಟ್ಟರೂ ಉರಿ ಹೋಗುವುದಿಲ್ಲ ಎಂಬುದು. ಉರಿ ಇದ್ದದ್ದು ಗರ್ಭಕೋಶದಲ್ಲಿ ಅಲ್ಲ.

ಸಹಿ ಹಾಕಲಿಲ್ಲ. ನಂಜನಗೂಡಿನ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆಯೊಬ್ಬರಿದ್ದಾರೆ, ಅವರು ನೋಡಲಿ, ತೆಗೆಯಬೇಕು ಎಂದು ಅವರು ಹೇಳಿದ ದಿನವೇ ನಾನು ಬರೆದುಕೊಡುತ್ತೇನೆ ಎಂದೆ. ತಮ್ಮನಿಗೆ ಸಿಟ್ಟು ಬಂತು. ಆದರೂ ಅಕ್ಕನನ್ನು ಕರೆದುಕೊಂಡು ಬಂದರು.

ನಂಜನಗೂಡಿಗೆ ನಾನೂ ಹೋದೆ. ವರದಿಗಳನ್ನು ಕೈಯಾರೆ ಕೊಡಬೇಕಿತ್ತು. ಪರೀಕ್ಷೆಯ ಕೋಣೆಯೊಳಗೆ ಸಿಸ್ಟರ್ ಮಾತ್ರ ಇದ್ದರು. ತಜ್ಞೆ ಆತುರ ಮಾಡಲಿಲ್ಲ. ಸಕ್ಕರೆ ಕಾಯಿಲೆ ಇಲ್ಲವೆಂದು ನೋಡಿದರು. ಸ್ಕ್ಯಾನಿನಲ್ಲಿ ಕಲ್ಲಿಲ್ಲ, ಒಂದಕ್ಕೆ ಹೋಗಿ ಬಂದ ಮೇಲೆ ಮೂತ್ರಕೋಶದಲ್ಲಿ ನೀರು ಉಳಿಯುತ್ತಿಲ್ಲ, ಗರ್ಭಕೋಶ ಸಣ್ಣದಾಗಿ ತೆಳ್ಳಗೆ ಇದೆ, ಜಾರಿಲ್ಲ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತವೂ ಕಂಡಿಲ್ಲವೆಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಕಂಡಿದ್ದರೆ ದಾರಿಯೇ ಬೇರೆ, ಮೊದಲು ಅದನ್ನು ಪರೀಕ್ಷಿಸಬೇಕಾಗಿತ್ತು. ಎದೆಯಲ್ಲಿ ಗಂಟು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಇದನ್ನೂ ಕೇಳಿದರು. ಯಾವುದೂ ಇರಲಿಲ್ಲ. ಇದ್ದದ್ದು ಇಷ್ಟು: ಯೋನಿಯ ಚರ್ಮ ಬಿಳುಚಿ, ತೆಳುವಾಗಿ, ಒಣಗಿತ್ತು. ಮುಟ್ಟಿದರೆ ನೋಯುತ್ತಿತ್ತು. ಮೂತ್ರದ್ವಾರದ ಸುತ್ತ ಕೆಂಪಾಗಿತ್ತು.

ಆಮೇಲೆ ನಮ್ಮನ್ನೆಲ್ಲ ಕೂರಿಸಿ ತಜ್ಞೆ ಹೇಳಿದರು. ಮುಟ್ಟು ನಿಂತಾಗ ದೇಹದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ. ಯೋನಿ, ಮೂತ್ರದ್ವಾರ, ಮೂತ್ರಕೋಶದ ಬಾಯಿ ಎಲ್ಲವೂ ಅದನ್ನೇ ಕುಡಿದು ಮೆತ್ತಗಿದ್ದವು. ಅದಿಲ್ಲದೆ ಒಣಗುತ್ತವೆ. ಅಲ್ಲಿ ಕಾವಲಿಗಿದ್ದ ಒಳ್ಳೆಯ ಸೂಕ್ಷ್ಮಾಣುಗಳು ಕಡಿಮೆಯಾಗಿ ಕೆಟ್ಟವು ಮೇಲೆ ಹತ್ತುತ್ತವೆ. ಸೋಂಕು ಇಲ್ಲದಾಗಲೂ ಉರಿಯಬಹುದು, ಒಂದಕ್ಕೆ ಅವಸರವಾಗಬಹುದು. ತಾನಾಗಿ ಹೋಗುವಂಥದ್ದಲ್ಲ, ಆದರೆ ಮದ್ದಿದೆ.

“ನಾಲೆ ನಿಂತರೆ ಗದ್ದೆ ಬಿರುಕು ಬಿಡುತ್ತಲ್ಲಮ್ಮ, ಹಾಗೆ,” ಎಂದರು ತಜ್ಞೆ.

ಮೇಸ್ತ್ರಮ್ಮ ತಮ್ಮನ ಕಡೆ ತಿರುಗಿದರು. “ಗದ್ದೆ ಬಿರುಕು ಬುಟ್ಟದೆ ಅಂತ ಮನೆಯ ಕಣಜ ಕೆಡವಕ್ಕೆ ಓಗಿದ್ಯಲ್ಲೋ ನೀನು.”

ತಮ್ಮ ನಕ್ಕರು. ಆದರೆ ಗೊತ್ತು ಮಾಡಿದ ದಿನವನ್ನು ಬಿಡಲಿಲ್ಲ. ಅಷ್ಟರಲ್ಲಿ ಗುಣ ಕಾಣದಿದ್ದರೆ ಮೈಸೂರಿಗೇ, ಎಂದರು. ತಜ್ಞೆ ಅದಕ್ಕೆ ತಕರಾರು ಮಾಡದೆ, ಈ ಮದ್ದು ಹಿಡಿಯಲು ಆರೆಂಟು ವಾರ ಬೇಕು ಎಂದಷ್ಟೇ ಹೇಳಿದರು. ನನಗೆ ಸಿಕ್ಕಿದ್ದ ಕಾಲಾವಕಾಶವೂ ಸುಮಾರು ಅಷ್ಟೇ ಇತ್ತು.

ಮದ್ದು ಎಂದರೆ ಈಸ್ಟ್ರೋಜನ್ ಕ್ರೀಮು. ಮೊದಲ ಎರಡು ವಾರ ದಿನವೂ ಮಲಗುವಾಗ ಯೋನಿಯ ಒಳಗೆ, ಆಮೇಲೆ ವಾರಕ್ಕೆ ಎರಡು ರಾತ್ರಿ. ಹಚ್ಚಿದ ಜಾಗದಲ್ಲೇ ಕೆಲಸ ಮಾಡುವ ಮದ್ದು, ಮೈಗೆ ಸೇರುವುದು ಅತ್ಯಲ್ಪ. ಪಟಕ, ಸೋಪು ಒಳಗೆ ಬೇಡ, ಬರೀ ನೀರು ಸಾಕು. ಬೆಳಗಿನಿಂದ ಸಂಜೆಯ ತನಕ ನೀರು ಹಂಚಿಕೊಂಡು ಕುಡಿಯಬೇಕು. ಅವಸರ ಬಂದಾಗ ಓಡದೆ, ನಿಂತು, ಮೂತ್ರ ತಡೆಯುವ ಸ್ನಾಯುವನ್ನು ಒಳಗೆಳೆದು ಹಿಡಿದು ಬಿಟ್ಟು, ಅವಸರ ಇಳಿದ ಮೇಲೆ ನಡೆಯಬೇಕು. ಆ ಬಿಗಿ ಹಿಡಿಯುವ ಅಭ್ಯಾಸವನ್ನು ದಿನಕ್ಕೆ ಮೂರು ಸಲ ಮಾಡಬೇಕು. ಕಲ್ಚರ್ ಇಲ್ಲದೆ ಆಂಟಿಬಯಾಟಿಕ್ ಮಾತ್ರೆ ಮುಟ್ಟಬಾರದು.

ಕ್ರೀಮಿಗೆ ಚೀಟಿ ಬರೆದುಕೊಟ್ಟರು. ನಂಜನಗೂಡಿನಲ್ಲಿ ಆ ಹೊತ್ತಿಗೆ ಅದು ಸಿಗಲಿಲ್ಲ. ನಿಮ್ಮೂರ ಕಡೆಯೇ ತಗೊಳ್ಳಿ ಎಂದು ಕಳಿಸಿದೆವು.

ಎರಡು ವಾರ ಕಳೆದು ಸಿಸ್ಟರ್ ವಿಚಾರಿಸಿದಾಗ ಮೇಸ್ತ್ರಮ್ಮ ಎಲ್ಲಾ ಸರಿ ಎಂದರು. ಹೇಳುವಾಗ ಮುಖ ಎತ್ತಲಿಲ್ಲ. ಸಿಸ್ಟರ್ ಬಿಡಲಿಲ್ಲ. ಕ್ರೀಮು ತೋರಿಸಿ ಎಂದಾಗ ವಿಷಯ ಹೊರಬಿತ್ತು. ತಿ. ನರಸೀಪುರದ ಅಂಗಡಿಯಲ್ಲಿ ಚೀಟಿ ಕೊಟ್ಟರಂತೆ. ಅಂಗಡಿಯವರು ಚೀಟಿ ನೋಡಿ, ಬಳಸುವ ಕ್ರಮ ಹೇಳಲು, ಇದು ಯಾರಿಗಮ್ಮ ಎಂದು ಕೇಳಿದರಂತೆ. ಪಕ್ಕದಲ್ಲಿ ಊರಿನ ಗಂಡಸರಿಬ್ಬರು ನಿಂತಿದ್ದರು.

“ನಾನು ಗಂಡ ಇಲ್ದೋಳು ಕಣ್ ಸಿಸ್ಟ್ರೇ. ಅಲ್ಲಿಗೆ ಹಚ್ಚೋ ಮುಲಾಮು ನಂಗೆ ಅಂತ ಎಂಗಂದೇನು? ನಮ್ಮ ಎಮ್ಮೆಗೆ ಅಂದ್ಬುಟ್ಟೆ.”

ಅಂಗಡಿಯವರು ಚೀಟಿ ವಾಪಸ್ ಕೊಟ್ಟು, ಹಾಗಾದರೆ ದನದ ಆಸ್ಪತ್ರೆಗೆ ಹೋಗವ್ವ ಎಂದರಂತೆ. ಇವರು ಸರಿ ಎಂದು ಬಂದುಬಿಟ್ಟರು. ಸಿಸ್ಟರ್ ಕೇಂದ್ರಕ್ಕೆ ಬಂದು ನನಗೆ ಇದನ್ನು ಹೇಳುವಾಗ ನಗು ತಡೆಯಲಾರದೆ, ನಗು ತಡೆಯದಿದ್ದರೆ ಆಗುವುದನ್ನೂ ತಡೆಯಲಾರದೆ, ಕುರ್ಚಿ ಹಿಡಿದು ನಿಂತರು. ನಾನೂ ನಕ್ಕೆ. ಆಮೇಲೆ ಕ್ಯಾಲೆಂಡರ್ ನೋಡಿದೆ. ಎರಡು ವಾರ ವ್ಯರ್ಥವಾಗಿತ್ತು.

ಆ ಶನಿವಾರ ಸಿಸ್ಟರ್ ನಂಜನಗೂಡಿಗೆ ಹೋಗಿ ಕ್ರೀಮು ತಂದರು. ಚೀಟಿ ಬರೆಸಿಕೊಂಡದ್ದು ಎರಡು; ಒಂದು ತಮಗೇ. “ಇಬ್ರೂ ಒಟ್ಟಿಗೆ ಶುರು ಮಾಡೋಣ ಮೇಸ್ತ್ರಮ್ಮ. ನಿಮ್ಮೆಮ್ಮೆಗೆ ಮೊದ್ಲು ವಾಸಿಯಾಗುತ್ತೋ ನಮ್ಮೆಮ್ಮೆಗೋ ನೋಡೇಬಿಡೋಣ,” ಎಂದರಂತೆ. ಅಂದಿನಿಂದ ಅವರಿಬ್ಬರ ನಡುವೆ ಆ ಕ್ರೀಮಿಗೆ ಎಮ್ಮೆ ಮುಲಾಮು ಎಂದೇ ಹೆಸರು. ಗಂಡಸರು ಪಕ್ಕದಲ್ಲಿದ್ದರೂ ಧಾರಾಳವಾಗಿ ಮಾತಾಡಬಹುದಿತ್ತು.

ಮೊದಲ ದಿನಗಳಲ್ಲಿ ಕ್ರೀಮು ಚುರುಕೆನ್ನುತ್ತದೆ, ಒಣಗಿದ ಚರ್ಮ. ಅದನ್ನು ಮೊದಲೇ ಹೇಳಿದ್ದೆವು. ಆದರೆ ಮೂರನೆಯ ವಾರ ಮೇಸ್ತ್ರಮ್ಮ ಬೆಳಿಗ್ಗೆಯೇ ಕೇಂದ್ರಕ್ಕೆ ಬಂದರು. ಒಂದಕ್ಕೆ ಹೋದರೆ ಬೆಂಕಿ, ಹತ್ತು ನಿಮಿಷಕ್ಕೊಮ್ಮೆ ಅವಸರ. ಅವರ ತಮ್ಮ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ‘ನೋಡಿ, ಹೇಳಿದ್ದೆನಲ್ಲ’ ಎಂಬುದಿತ್ತು.

ಈ ಇಡೀ ಪ್ರಕರಣದಲ್ಲಿ ನನಗೆ ಕಷ್ಟವಾದ ಗಳಿಗೆ ಅದು. ಜ್ವರ ನೋಡಿದೆ, ಇಲ್ಲ. ಪಕ್ಕೆ ತಟ್ಟಿದೆ, ನೋವಿಲ್ಲ. ಸಿಸ್ಟರ್ ಮಾದರಿ ಹಿಡಿಸಿದರು: ನೀರಿನಲ್ಲಿ ತೊಳೆದು, ಮೊದಲ ಧಾರೆ ಬಿಟ್ಟು, ನಡುವಿನದನ್ನು ಶುದ್ಧ ಡಬ್ಬಿಯಲ್ಲಿ. ಪರೀಕ್ಷೆಯ ಕಾಗದದ ಪಟ್ಟಿ ಅದ್ದಿ ನೋಡಿದರೆ ಸೋಂಕಿನ ಗುರುತಿನ ಬಣ್ಣ ಬರಲಿಲ್ಲ. ಆದರೆ ಪಟ್ಟಿಯ ಮಾತು ಪೂರ್ತಿ ನಂಬುವಂಥದ್ದಲ್ಲ. ಕಲ್ಚರ್ ವರದಿ ಬರಲು ಎರಡು ಮೂರು ದಿನ ಬೇಕು. ಮಾತ್ರೆ ಬರೆದರೆ ನನ್ನ ಮನಸ್ಸಿಗೆ ನೆಮ್ಮದಿ. ಆದರೆ ಉರಿ ಎಂದರೆ ಮಾತ್ರೆ ಎಂಬ ಹಳೆಯ ಲೆಕ್ಕಕ್ಕೆ ನಾನೇ ಮುದ್ರೆ ಒತ್ತಿದಂತೆ. ಕ್ರೀಮು ಅಲ್ಲಿಗೆ ನಿಲ್ಲುತ್ತದೆ, ಮೈಸೂರಿನ ದಿನ ಗಟ್ಟಿಯಾಗುತ್ತದೆ. ಬರೆಯದೆ ನಾನು ತಪ್ಪಿದ್ದರೆ ಆಗುವುದನ್ನು, ಅಂದು ನಾಡಿ ಸಿಗದೆ ಹೋದ ನನ್ನ ಬೆರಳು ಮರೆತಿರಲಿಲ್ಲ.

ಬರೆಯಲಿಲ್ಲ. ಮೇಸ್ತ್ರಮ್ಮನನ್ನೂ ತಮ್ಮನನ್ನೂ ಎದುರಿಗೆ ಕೂರಿಸಿಕೊಂಡು ನಿಧಾನವಾಗಿ ಹೇಳಿದೆ: ಇದು ಒಣಗಿದ ಚರ್ಮದ ಉರಿ ಎಂದು ನನಗೆ ಅನ್ನಿಸುತ್ತದೆ, ವರದಿ ಬರುವ ತನಕ ಕಾಯೋಣ. ಬೆಳಿಗ್ಗೆ ಸಂಜೆ ಜ್ವರ ನೋಡಬೇಕು. ಚಳಿ ಬಂದರೆ, ಪಕ್ಕೆ ನೊಂದರೆ, ವಾಂತಿಯಾದರೆ, ಮೂತ್ರದಲ್ಲಿ ರಕ್ತ ಕಂಡರೆ ಆ ಕ್ಷಣ ಫೋನ್, ಯಾವ ಹೊತ್ತಾದರೂ ಸರಿ. ಆಗ ನಾನು ಒಂದು ಗಳಿಗೆಯೂ ಕಾಯುವುದಿಲ್ಲ.

“ನೀವು ಹೆದ್ರಿದೀರ ಸಾ?” ಎಂದು ಕೇಳಿದರು ಮೇಸ್ತ್ರಮ್ಮ.

“ಹೆದರಿದೀನಿ,” ಎಂದೆ. “ಅದಕ್ಕೇ ಜ್ವರ ನೋಡಿ ಅಂತಿರೋದು.”

ಅವರು ತಮ್ಮನ ಕಡೆ ತಿರುಗಿದರು. “ನಡಿಯೋ. ನಾನೂ ಅವ್ರೂ ಇಬ್ರೂ ಹೆದರ್ಕಂಡೇ ಕಾಯ್ತೀವಿ.”

ಸಿಸ್ಟರ್ ದಿನಕ್ಕೆ ಎರಡು ಸಲ ಅವರ ಮನೆಗೆ ಹೋಗಿ ಬಂದರು. ಜ್ವರ ಬರಲಿಲ್ಲ. ಮೂರನೆಯ ದಿನ ವರದಿ ಬಂತು: ಏನೂ ಬೆಳೆದಿಲ್ಲ. ಅಷ್ಟರಲ್ಲಿ ಉರಿ ತಾನಾಗಿಯೇ ತಗ್ಗಿತ್ತು. ಆಮೇಲೆ ಗೊತ್ತಾಯಿತು, ಮಾತ್ರೆ ಇಲ್ಲವೆಂಬ ಭಯಕ್ಕೆ ಅವರು ಉರಿ ಎದ್ದ ಹಿಂದಿನ ದಿನ ಗುಟ್ಟಾಗಿ ಪಟಕದ ನೀರು ಹಾಕಿಕೊಂಡಿದ್ದರು. ಪಟಕದ ಗಟ್ಟಿಯನ್ನು ಅವರೇ ಹಿತ್ತಲಿನ ತಿಪ್ಪೆಗೆ ಎಸೆದರು.

ಅಲ್ಲಿಂದ ಮುಂದೆ ದೊಡ್ಡ ಕಥೆಯಿಲ್ಲ. ಬದಲಾವಣೆ ನಿಧಾನವಾಗಿ ಬಂತು. ಮೊದಲು ನವೆ ಹೋಯಿತು. ಆಮೇಲೆ ಕೂತರೆ ಚುಚ್ಚುತ್ತಿದ್ದದ್ದು ಹೋಯಿತು. ಒಂದು ದಿನ, ನರಸೀಪುರದ ಸಂತೆಗೆ ಹೋಗಿ ಬಂದೆ, ದಾರಿಯಲ್ಲಿ ಎಲ್ಲೂ ಮರೆ ಹುಡುಕಲಿಲ್ಲ ಎಂದು ಬಂದು ಹೇಳಿದರು. ಅವಸರ ಪೂರ್ತಿ ಹೋಗಿಲ್ಲ, ಕೆಮ್ಮಿದರೆ ಒಂದೆರಡು ಹನಿ ಈಗಲೂ ಇದೆ. ಸ್ನಾಯು ಬಿಗಿಯುವ ಅಭ್ಯಾಸವನ್ನು ಸೊಪ್ಪು ಸೋಸುವಾಗ ಮಾಡುತ್ತಾರಂತೆ. ಮೈಸೂರಿನ ದಿನದ ಹಿಂದಿನ ವಾರ ಅವರನ್ನು ತಜ್ಞೆ ಮತ್ತೆ ನೋಡಿದರು. ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ತಮ್ಮ ನನ್ನೆದುರೇ ಫೋನ್ ತೆಗೆದು ಮೈಸೂರಿಗೆ ಹೇಳಿದರು: “ಬರಲ್ಲ ಕಣಣ್ಣ, ಅಕ್ಕ ಚೆನ್ನಾಗವ್ಳೆ.”

ಆದರೆ ನನಗೆ ಗೊತ್ತಿತ್ತು, ಮದ್ದು ಅರ್ಧ ಕೆಲಸ. ಗದ್ದೆಗೆ ಇಳಿದು ಮತ್ತೆ ಊಟದ ತನಕ ಗಂಟಲು ಒಣಗಿಸಿಕೊಂಡು, ತುಂಬಿದ ಮೂತ್ರಕೋಶ ಹೊತ್ತು ಬಗ್ಗಿದರೆ ಎಲ್ಲ ಮೊದಲಿನ ಜಾಗಕ್ಕೇ ಬರುತ್ತದೆ. ಅದನ್ನು ನಾನು ಬರೆದುಕೊಡಲಾರೆ. ಕಟ್ಟಳೆ ಅವರದ್ದು.

ಮುಂದಿನ ಹಂಗಾಮಿನ ನಾಟಿಗೆ ಮೊದಲು ಮೇಸ್ತ್ರಮ್ಮ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಗೌಡರ ಪಂಪ್‌ಮನೆ ಹತ್ತಿರ ಬನ್ನಿ, ಸಿಸ್ಟ್ರನ್ನೂ ಕರ್ಕೊಂಡು ಬನ್ನಿ ಎಂದರು. ಯಾಕೆಂದು ಹೇಳಲಿಲ್ಲ. ನಾವು ಹೋಗುವಾಗ ಒಂಬತ್ತು ಗಂಟೆ. ಗುತ್ತಿಗೆ ಮಾತು ನಡೆಯುತ್ತಿತ್ತು. ದೊಡ್ಡ ಜಮೀನಿನ ಗೌಡರು ಕಲ್ಲುಚಪ್ಪಡಿಯ ಮೇಲೆ ಕೂತಿದ್ದರು. ತಂಡದ ಹೆಂಗಸರು ಬೇವಿನ ಮರದ ಕೆಳಗೆ ನಿಂತಿದ್ದರು. ಮೇಸ್ತ್ರಮ್ಮನ ತಮ್ಮ ಬೈಕಿಗೆ ಒರಗಿದ್ದರು. ನಾವು ಸ್ವಲ್ಪ ದೂರದಲ್ಲೇ ನಿಂತೆವು.

ಕೂಲಿಯ ಮಾತು ಬೇಗ ಮುಗಿಯಿತು. ಗೌಡರು ಏಳಲು ಹೊರಟಾಗ ಮೇಸ್ತ್ರಮ್ಮ ಇನ್ನೊಂದು ಮಾತಿದೆ ಎಂದರು. ಬದುವಿನ ತುದಿಯಲ್ಲಿ ನಾಲ್ಕು ಬಿದಿರು ಗಳ ನೆಟ್ಟು ಹಸಿರು ಬಲೆ ಕಟ್ಟಿಸಿ ಒಂದು ಮರೆ ಮಾಡಿಕೊಡಬೇಕು. ಒಳಗೊಂದು ಡ್ರಮ್ಮು ನೀರು. ಊಟಕ್ಕೆ ಮುಂಚೆ ಎರಡು ಸಲ, ಆಮೇಲೆ ಒಂದು ಸಲ, ಸಾಲು ನಿಲ್ಲುತ್ತದೆ. ಕುಡಿಯುವ ನೀರಿನ ಕ್ಯಾನು ಏರಿಯ ಮೇಲಿರಬೇಕು.

ಗೌಡರು ತಮಾಷೆಯವರು. “ನಾಟಿಗೆ ಬತ್ತಿದೀರೋ ಬೀಗ್ರೂಟಕ್ಕೆ ಬತ್ತಿದೀರೋ? ಚಪ್ರ ಬೇರೆ ಆಕುಸ್ಬೇಕಾ ನಾನು?”

ಹೆಂಗಸರಲ್ಲಿ ಒಬ್ಬಿಬ್ಬರು ಸೆರಗು ಬಾಯಿಗೆ ಹಿಡಿದರು. ಮೇಸ್ತ್ರಮ್ಮ ನಗಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಗೌಡ್ರೇ, ನಂಗೆ ಮುಟ್ಟು ನಿಂತು ಐದು ವರ್ಷ ಆಯ್ತು. ಉಚ್ಚೆ ಕಟ್ಕಂಡು ನಿಮ್ಮ ಗದ್ದೇಲಿ ಸಾಯಕ್ಕೆ ಓಗಿದ್ದೆ ಓದೊರ್ಷ. ಈ ಡಾಕ್ಟ್ರು ನೋಡವ್ರೆ, ಕೇಳಿ. ಇನ್ಮೇಲೆ ನಾನು ಎದ್ರೆ ಸಾಲು ಏಳ್ತದೆ. ಮರೆ ಇಲ್ದಿದ್ರೆ ಈ ತಂಡ ಬರಲ್ಲ.”

ಗಂಡಸರ ಎದುರು ಆ ಊರಿನಲ್ಲಿ ಯಾವ ಹೆಂಗಸೂ ಆ ಮಾತುಗಳನ್ನು ಒಟ್ಟಿಗೆ ಆಡಿರಲಿಕ್ಕಿಲ್ಲ. ಎಮ್ಮೆಗೆ ಎಂದು ಹೇಳಿ ಚೀಟಿ ವಾಪಸ್ ತಂದವರು ಇವರೇ. ಅವರ ತಮ್ಮ ನೆಲ ನೋಡುತ್ತಿದ್ದರು. ಆಮೇಲೆ ತಲೆ ಎತ್ತಿ ಅಕ್ಕನ ಪಕ್ಕಕ್ಕೆ ಹೋಗಿ ನಿಂತರು. ಗೌಡರು ನನ್ನ ಕಡೆ ನೋಡಿದರು. ನಿಜ ಎಂದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ಮನೆಯಲ್ಲಿ ತನ್ನ ಹೆಂಡತಿಗೂ ಹೀಗೇ ಏನೋ ಇದೆ, ಯಾವ ಆಸ್ಪತ್ರೆ ಎಂದು ಸಿಸ್ಟರನ್ನು ಕೇಳಿದರು. ಆಮೇಲೆ ಮೇಸ್ತ್ರಮ್ಮನಿಗೆ, “ಬಲೆ ಎಷ್ಟು ಮಾರು ಬೇಕು ಯೋಳು,” ಎಂದರು.

ಇದನ್ನು ನಾನು ಕಂಡದ್ದು ಪಂಪ್‌ಮನೆಯ ಪೂರ್ವ ದಿಕ್ಕಿನ ಗೋಡೆಯ ಪಕ್ಕ ನಿಂತು. ಗೌಡರು ಈ ಬೇಸಿಗೆಯಲ್ಲಿ ತೀರಿಕೊಂಡರು. ಅಲ್ಲಿದ್ದ ಉಳಿದವರೆಲ್ಲ ಇದ್ದಾರೆ, ಯಾರನ್ನು ಬೇಕಾದರೂ ಕೇಳಬಹುದು: ಸಿಸ್ಟರ್ ಇದ್ದಾರೆ, ಡೇರಿಯ ತಮ್ಮ ಇದ್ದಾರೆ, ಬೇವಿನ ಮರದ ಕೆಳಗೆ ನಿಂತಿದ್ದ ಹೆಂಗಸರಲ್ಲಿ ಪ್ರತಿಯೊಬ್ಬರೂ ಇದ್ದಾರೆ. ಮೇಸ್ತ್ರಮ್ಮ ಇದ್ದಾರೆ.